ಪಕ್ಕದ ಮೇಜಿಗೆ ಹೋದ ರಕ್ತ

ಮಾರ್ಚ್ 6

ಪ್ರೀತಿಯ ತಂಗಿ,

ಅಕ್ಷರ ಸೊಟ್ಟಗಿದೆ, ಬೈಯಬೇಡ. ಕೆಲವು ದಿನಗಳಿಂದ ಕೈ ಹೇಳಿದ ಮಾತು ಕೇಳುತ್ತಿಲ್ಲ. ಫೋನು ಮಾಡಬಹುದಿತ್ತು. ಆದರೆ ಕ್ರೇನಿನ ಮೋಟಾರು ನನ್ನ ಕಿವಿಯನ್ನು ತಿಂದುಹಾಕಿರುವುದು ನಿನಗೆ ಗೊತ್ತೇ ಇದೆ. ನೀನು ಅಲ್ಲಿಂದ ಹೇಳಿದ್ದರಲ್ಲಿ ಅರ್ಧವನ್ನು ನಾನು ಊಹಿಸಿಕೊಳ್ಳುತ್ತೇನೆ. ಈ ವಿಷಯದಲ್ಲಿ ಊಹೆ ಬೇಡ.

ಕ್ರೇನ್ ಹತ್ತುವವರಿಗೆಲ್ಲ ಕಂಪನಿಯವರು ದೇಹಪರೀಕ್ಷೆ ಮಾಡಿಸಿದರು. ಕಣ್ಣು ಪಾಸು. ಕಿವಿ ಬೈಸಿಕೊಂಡು ಪಾಸು. ಎದೆಯೂ ಪಾಸು. ರಕ್ತ ಮಾತ್ರ ನಪಾಸು. ವರದಿಯ ನಕಲು ಇದರ ಜೊತೆಗಿದೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದವರು ಡಾಕ್ಟರು.

"ದಿನಕ್ಕೆ ಎಷ್ಟು ಹಾಕ್ತೀಯಪ್ಪಾ?" ಎಂದು ಕೇಳಿದರು.

"ಏನನ್ನ ಸಾರ್?"

"ಏನನ್ನ ಅಂತೆ, ಕೇಳಿದ್ರಾ!" ಎಂದು ನರ್ಸಿನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ನಗಬಾರದಿತ್ತೇನೋ.

ಲಿವರೂ ಸರಿಯಿಲ್ಲವಂತೆ, ಕಿಡ್ನಿಯೂ ಸರಿಯಿಲ್ಲವಂತೆ. ಏಪ್ರಿಲ್ ಮೊದಲ ವಾರ ಮತ್ತೆ ರಕ್ತ ತೆಗೆಯುತ್ತಾರೆ. ಆಗಲೂ ಹೀಗೇ ಬಂದರೆ ನಾನು ಇನ್ನು ಮೇಲೆ ಹತ್ತುವ ಹಾಗಿಲ್ಲ. ಸದ್ಯಕ್ಕೆ ಗೋದಾಮಿನಲ್ಲಿ ಕೂತು ಉಕ್ಕಿನ ಹಗ್ಗಗಳಿಗೆ ಗ್ರೀಸ್ ಹಚ್ಚುತ್ತಿದ್ದೇನೆ. ನನ್ನ ಕ್ಯಾಬಿನ್ನಿನಲ್ಲಿ ಈಗ ಬೇರೊಬ್ಬ ಕೂತಿದ್ದಾನೆ. ಭಾರ ಇಳಿಸುವಾಗ ಕೊನೆಯಲ್ಲಿ ಒಂದು ಸಲ ಜಗ್ಗುತ್ತಾನೆ. ಅದರ ಸದ್ದು ಗೋದಾಮಿನ ನೆಲದಲ್ಲಿ ಗೊತ್ತಾಗುತ್ತದೆ. ಕಿವಿ ಹೋದವನಿಗೆ ನೆಲ ಚೆನ್ನಾಗಿ ಕೇಳಿಸುತ್ತದೆ.

ನೀನು ಲ್ಯಾಬಿನಲ್ಲಿ ದಿನವಿಡೀ ಇಂಥ ಸಂಖ್ಯೆಗಳ ನಡುವೆಯೇ ಇರುವವಳು. ಇವು ಏನು ಹೇಳುತ್ತವೆ, ಬಿಡಿಸಿ ಬರೆ.

ನಿನ್ನ ಅಣ್ಣ

*

ಮಾರ್ಚ್ 10

ಅಣ್ಣಾ,

ಪತ್ರ ಬಂತು. ವರದಿ ನೋಡಿದೆ. ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಮೊದಲ ಸುತ್ತಿನೊಳಗಿರುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬವು ಕಿಣ್ವಗಳು. ಜೀವಕೋಶದ ಒಳಗೇ ಇರಬೇಕಾದವು. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ಎರಡೂ ಹೆಚ್ಚುಕಡಿಮೆ ನಲವತ್ತರೊಳಗಿರಬೇಕು. ನಿನ್ನವು 168 ಮತ್ತು 72. ಮೊದಲನೆಯದು ಎರಡನೆಯದರ ಎರಡು ಪಟ್ಟನ್ನೂ ಮೀರಿದೆ. ಇಂಥ ಜೋಡಿ ಕಣ್ಣಿಗೆ ಬಿದ್ದರೆ ನಾವು ಮೊದಲು ಯೋಚಿಸುವ ಕಾರಣ ಒಂದಿದೆ. ನಿಮ್ಮ ಡಾಕ್ಟರು ಯೋಚಿಸಿದ್ದೂ ಅದನ್ನೇ. ನಾನು ಹೆಸರು ಹೇಳಬೇಕಾಗಿಲ್ಲ.

ಕೆಳಗಿರುವ ಬಿಲಿರುಬಿನ್ ಮತ್ತು ಆಲ್ಬುಮಿನ್ ಬೇರೆ ಬಗೆಯವು. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವವು. ಬಿಲಿರುಬಿನ್ ಏರಿದರೆ ಕಣ್ಣು ಹಳದಿಯಾಗುತ್ತದೆ. ಆಲ್ಬುಮಿನ್ ಲಿವರೇ ತಯಾರಿಸುವ ಪ್ರೋಟೀನು. ಅದು ಬಹಳ ಇಳಿದರೆ ಕಾಲು ಬಾತುಕೊಳ್ಳುತ್ತದೆ. ನಿನ್ನವು ಎರಡೂ ಸರಿಯಾಗಿವೆ. ಅಂದರೆ ಎಲ್ಲೋ ಪೆಟ್ಟು ಬೀಳುತ್ತಿದೆ, ಕೆಲಸ ಇನ್ನೂ ನಿಂತಿಲ್ಲ.

ಎರಡನೆಯ ಸುತ್ತು ಕಿಡ್ನಿಯದು. ಕ್ರಿಯಾಟಿನಿನ್ ಸ್ನಾಯುಗಳ ಕಸ. ಯೂರಿಯಾ ನಾವು ತಿಂದ ಪ್ರೋಟೀನಿನ ಕಸ. ಎರಡನ್ನೂ ಸೋಸಿ ಹೊರಗೆ ಹಾಕುವುದು ಕಿಡ್ನಿ. ನಿನಗೆ ಕ್ರಿಯಾಟಿನಿನ್ 1.5 ಬಂದಿದೆ, 1.3ರ ಒಳಗಿದ್ದರೆ ಚೆನ್ನ. ಯೂರಿಯಾ 58. ನಲವತ್ತು ದಾಟಬಾರದು. ಇಷ್ಟಕ್ಕೇ ಕಿಡ್ನಿ ಹೋಯಿತು ಎನ್ನುವಂತಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೂ ಹೀಗಾಗುತ್ತದೆ. ನೀರು ಕಡಿಮೆಯಾಗಲು ಹಲವು ದಾರಿಗಳಿವೆ.

ನಿಮ್ಮ ಬಸ್ ನಿಲ್ದಾಣದ ಎದುರು ರಕ್ತ ಸಂಗ್ರಹಿಸುವ ಒಂದು ಅಂಗಡಿಯಿದೆ. ಅಲ್ಲಿ ತೆಗೆದದ್ದು ನಮ್ಮ ಲ್ಯಾಬಿಗೇ ಬರುತ್ತದೆ. ಹೋಗಿ ಕೊಡು. ನಾನು ನೋಡುವುದಿಲ್ಲ. ಮನೆಯವರ ಟ್ಯೂಬು ಬಂದರೆ ಹೆಸರು ಮುಚ್ಚಿ, ನಂಬರು ಮಾತ್ರ ಉಳಿಸಿ, ಪಕ್ಕದ ಮೇಜಿಗೆ ಕೊಡುವುದು ನಮ್ಮಲ್ಲಿ ಪದ್ಧತಿ.

ನಿನ್ನ ಅಕ್ಷರ ಯಾವಾಗ ಹೀಗಿತ್ತು ಎಂದು ನನಗೆ ನೆನಪಿದೆ. ಬೇರೇನಾದರೂ ಹೇಳುವುದಿದ್ದರೆ ಹೇಳು.

ತಂಗಿ

*

ಮಾರ್ಚ್ 14

ತಂಗೀ,

ನಿನ್ನ ಪತ್ರವನ್ನು ನಾಲ್ಕಾರು ಸಲ ಓದಿದೆ. ಇಷ್ಟು ನೀಟಾಗಿ ನೀನು ಯಾವತ್ತೂ ಬರೆದವಳಲ್ಲ. ಒಂದು ಬೈಗುಳವಿಲ್ಲ. "ತಿಂಡಿ ಸರಿಯಾಗಿ ತಿನ್ನುತ್ತೀಯಾ" ಇಲ್ಲ. ಕೊನೆಗೆ ಬರಿಯ "ತಂಗಿ". ನನಗೆ ಅರ್ಥವಾಗದೆ ಏನಿಲ್ಲ. ದೊಡ್ಡ ಕಾಯಿಲೆ ಬಂದವರ ಜೊತೆ ಜನ ಹೀಗೆಯೇ ಮೆಲ್ಲಗೆ, ಪಾತ್ರೆ ಸದ್ದಾಗದ ಹಾಗೆ ಮಾತಾಡುತ್ತಾರೆ. ನಾನು ಗಟ್ಟಿ ಆಸಾಮಿ. ಇದ್ದದ್ದನ್ನು ಹೇಳಿಬಿಡು.

ನೀನು ಕೇಳಿದ್ದಕ್ಕೆ ಮುಚ್ಚಿಡದೆ ಬರೆಯುತ್ತೇನೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಳ್ಳಬೇಕು. ಕಾಲು ಎಲ್ಲಿ ಊರಿದೆ ಎಂದು ಕಾಲಿಗೇ ತಿಳಿಯುವುದಿಲ್ಲ. ಮೊನ್ನೆ ಕೊನೆಯ ಎರಡು ಮೆಟ್ಟಿಲು ಕೂತೇ ಇಳಿದೆ. ಕೆಳಮನೆಯ ಟೈಲರ್ ನೋಡಿ, "ಏನ್ ಅಣ್ಣಾ, ಬೆಳಿಗ್ಗೆ ಬೆಳಿಗ್ಗೇನೇ?" ಎಂದ. ಪರೀಕ್ಷೆಯ ಹಿಂದಿನ ದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕಿತ್ತು. ಆಮೇಲೆ ತಿಳಿಯಾಯಿತು.

ನೀರಿನ ಮಾತು ನಿಜ. ಕ್ರೇನಿನವರು ನೀರು ಕುಡಿಯುವುದಿಲ್ಲ. ಕುಡಿದರೆ ಇಳಿಯಬೇಕು. ಇಳಿದು ಹತ್ತುವಷ್ಟರಲ್ಲಿ ಕೆಳಗಿನವರೆಲ್ಲ ಕೈಕಟ್ಟಿ ನಿಂತು ಮೇಲೆ ನೋಡುತ್ತಿರುತ್ತಾರೆ. ಗಂಡಸು ಮೂತ್ರಕ್ಕೆ ಹೋದದ್ದನ್ನು ಅಷ್ಟು ಜನ ನೋಡುವುದು ಚೆನ್ನಾಗಿರುವುದಿಲ್ಲ. ಬೆಳಿಗ್ಗೆ ಒಂದು ಲೋಟ, ಆಮೇಲೆ ಸಂಜೆಯೇ. ಗೋದಾಮಿಗೆ ಬಂದ ಮೇಲೂ ಅದೇ ರೂಢಿ.

ಆದರೆ ನಾನು ಸುಮ್ಮನೆ ಕೂತಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಒಂದು ಕಡೆ ಹೋಗುತ್ತೇನೆ. ಅಲ್ಲಿ ನಾಲ್ಕು ಜನ ಸೇರುತ್ತಾರೆ, ಒಬ್ಬರನ್ನೊಬ್ಬರು ಹುರಿದುಂಬಿಸುತ್ತಾರೆ. ವಾಪಸು ಬಂದವನಿಗೆ ಹಾಸಿಗೆ ಕಂಡರೆ ಸಾಕು, ಗಾಢ ನಿದ್ದೆ. ನಪಾಸಾದ ಮೇಲೆ ಇನ್ನೂ ಸ್ವಲ್ಪ ಜಾಸ್ತಿಯೇ ಮಾಡಿದ್ದೇನೆ. ಎಲ್ಲಿ, ಏನು ಎಂದು ಕೇಳಬೇಡ. ಪಾಸಾದ ಮೇಲೆ ಹೇಳುತ್ತೇನೆ.

ನಾಳೆ ರಕ್ತ ಕೊಡುತ್ತೇನೆ.

ಅಣ್ಣ

*

ಮಾರ್ಚ್ 17

ಅಣ್ಣಾ,

ಸಂಜೆ ಎಲ್ಲಿಗೆ ಹೋಗುತ್ತೀಯ? ಇದೊಂದೇ ಪ್ರಶ್ನೆ. ಉತ್ತರವನ್ನು ಕೂಡಲೇ ಬರೆ.

*

ಮಾರ್ಚ್ 21

ತಂಗಿಗೆ,

ನಿನ್ನ ಒಂದು ಸಾಲಿನ ಪತ್ರ ನಿನ್ನೆ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಇವತ್ತು ಡಾಕ್ಟರ ಕೋಣೆಗೆ ಹೋದೆ. ಅವರೇ ಕರೆಸಿದ್ದರು. ಮೇಜಿನ ಮೇಲೆ ನಿನ್ನ ಇನ್ನೊಂದು ಪತ್ರವಿತ್ತು. ನನಗೆ ಬರೆದದ್ದಕ್ಕಿಂತ ಉದ್ದವಾಗಿತ್ತು.

"ನಿಮ್ಮ ತಂಗೀನೇನಾ ಇವ್ರು?" ಎಂದರು.

"ಹೌದು ಸಾರ್."

"ಲ್ಯಾಬಲ್ಲಿರೋರಂತೆ. ಹಿಂದೆ ನೀವು ವಿಪರೀತ ಕುಡೀತಿದ್ರಿ ಅಂತ ಬರ್ದಿದ್ದಾರೆ. ಈಗ ಮತ್ತೆ ಶುರು ಮಾಡಿರೋ ಹಾಗಿದೆ, ಖಚಿತ ಆಗೋವರ್ಗೂ ಹತ್ತಿಸ್ಬೇಡಿ ಅಂತಾನೂ."

ಅವರು ಪತ್ರವನ್ನು ನನ್ನ ಫೈಲಿಗೆ ಸೇರಿಸಿದರು. ಪಂಚಿಂಗ್ ಯಂತ್ರ ಎರಡು ತೂತು ಮಾಡಿದ್ದನ್ನು ನೋಡುತ್ತಾ ನಿಂತಿದ್ದೆ.

ನಾನು ಕುಡಿದಿಲ್ಲ. ಬಿಟ್ಟ ಮೇಲೆ ಒಂದು ಹನಿಯೂ ಇಲ್ಲ.

ರಕ್ತ ಕೊಟ್ಟು ಬಂದಿದ್ದೇನೆ. ಅದು ನಿನ್ನ ಲ್ಯಾಬಿನಲ್ಲಿರಬೇಕು. ನನ್ನನ್ನು ಕೇಳುವುದಕ್ಕಿಂತ ಅದನ್ನೇ ಕೇಳು.

*

ಮಾರ್ಚ್ 22

ಅಣ್ಣಾ,

ಹದಿನೇಳರ ಪತ್ರಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ. ಕಾಯದೆ ಬರೆಯುತ್ತಿದ್ದೇನೆ.

ನಿನ್ನ ಟ್ಯೂಬು ಹದಿನಾರಕ್ಕೇ ಬಂದಿತ್ತು. ಹೆಸರಿನ ಮೇಲೆ ಚೀಟಿ ಅಂಟಿಸಿ ಪಕ್ಕದ ಮೇಜಿಗೆ ಕೊಟ್ಟೆ. ಆ ಮೇಜಿನಾಕೆ ನನಗಿಂತ ಹಿರಿಯಳು. ಕೆಲಸ ಮಾಡುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದರಿಂದ ನಾವು ಅವಳನ್ನು ರೇಡಿಯೋ ಎನ್ನುತ್ತೇವೆ. ಹದಿನೇಳರ ಬೆಳಿಗ್ಗೆ ಮೊದಲ ಸಂಖ್ಯೆಗಳು ಬಂದವು. ಅವಳು ಗಟ್ಟಿಯಾಗಿ ಓದುವಾಗ ನಂಬರು ಕಿವಿಗೆ ಬಿತ್ತು. ಎಸ್‌ಜಿಒಟಿ 240. ಮೊದಲಿಗಿಂತ ಜಾಸ್ತಿ. ನಾನು ಅಲ್ಲಿಗೇ ಕೇಳುವುದನ್ನು ನಿಲ್ಲಿಸಿದೆ. ಎದ್ದು ಹೊರಗೆ ಹೋಗಿ ಎರಡು ಪತ್ರ ಬರೆದೆ. ಒಂದು ನಿನಗೆ. ಇನ್ನೊಂದು ನಿಮ್ಮ ಕಂಪನಿ ಡಾಕ್ಟರಿಗೆ.

ಅದರಲ್ಲಿ ಏನು ಬರೆದೆ ಎಂದು ಹೇಳಿಬಿಡುತ್ತೇನೆ. ನೀನು ಮೊದಲು ಕುಡಿಯುತ್ತಿದ್ದೆ ಎಂದು ಬರೆದೆ. ಮತ್ತೆ ಶುರುಮಾಡಿರುವಂತಿದೆ, ಕ್ರೇನ್ ಹತ್ತಿಸಬೇಡಿ ಎಂದೂ ಬರೆದೆ. ನಿನ್ನ ನಡುಗುವ ಅಕ್ಷರ, ಗೋಡೆ ಹಿಡಿದು ಇಳಿಯುವುದು, ಸಂಜೆ ನಾಲ್ಕು ಜನ ಸೇರುವ ಜಾಗ, ಗಾಢ ನಿದ್ದೆ, ಇವೆಲ್ಲವನ್ನೂ ಆ ಎರಡು ಸಂಖ್ಯೆಗಳ ಪಕ್ಕದಲ್ಲಿ ಜೋಡಿಸಿದೆ. ಚೆನ್ನಾಗಿ ಹೊಂದಿಕೊಂಡಿತು. ಹಾಗೆ ಹೊಂದಿಕೊಂಡದ್ದೇ ನನಗೆ ಅನುಮಾನ ತರಬೇಕಿತ್ತು.

ಇವತ್ತು ಮಧ್ಯಾಹ್ನ ರೇಡಿಯೋ ನನ್ನ ಕಡೆ ತಿರುಗಿದಳು.

"ಅಲ್ಲ ಕಣೇ, ಈ ನಂಬರು ನೋಡು. ಯಾರೋ ಏನೋ, ಪಾಪ. ಒಟಿ ಇಷ್ಟೊಂದು ಏರಿದೆ, ಜಿಜಿಟಿ ನೋಡಿದ್ರೆ ತಣ್ಣಗೆ ಕೂತಿದೆ."

"ಅಂದ್ರೆ?" ಎಂದೆ. ಜಿಜಿಟಿ ಕುಡಿತಕ್ಕೆ ಬೇಗ ಏರುವ ಲಿವರಿನ ಕಿಣ್ವ, ನನಗೆ ಗೊತ್ತಿಲ್ಲದ ವಿಷಯವಲ್ಲ.

"ಅಂದ್ರೆ ಇವ್ನು ಕುಡಿಯೋನ ಹಾಗೆ ಕಾಣಲ್ಲ. ಬಿಲಿರುಬಿನ್ ಚೆನ್ನಾಗಿದೆ, ಆಲ್ಬುಮಿನ್ ಚೆನ್ನಾಗಿದೆ. ನಂಗೆ ತಡೀಲಿಲ್ಲ, ಡಾಕ್ಟರಮ್ಮನ್ನ ಕೇಳಿ ಸಿಪಿಕೆ ಹಾಕ್ದೆ. ಎಷ್ಟು ಬಂತು ಹೇಳು ನೋಡಣ?"

"ಎಷ್ಟು?"

"ಐದು ಸಾವಿರದ ಹತ್ರ! ಇನ್ನೂರರ ಒಳಗಿರ್ಬೇಕಾದ್ದು. ಇದು ಲಿವರಲ್ವೇ ಅಲ್ಲ ಮಾರಾಯ್ತಿ, ಮಾಂಸಖಂಡ. ಈ ಮನುಷ್ಯ ಏನು ಬೆಟ್ಟ ಹೊತ್ತಿದ್ದಾನೋ ಏನೋ!"

ಸಿಪಿಕೆ ಸ್ನಾಯುಗಳ ಕಿಣ್ವ. ಸ್ನಾಯು ಹರಿದರೆ ಅದು ಸೋರುತ್ತದೆ. ಎಸ್‌ಜಿಒಟಿ ಕೂಡ ಸ್ನಾಯುವಿನಲ್ಲಿ ಧಾರಾಳವಾಗಿದೆ. ಎಸ್‌ಜಿಪಿಟಿ ಅಲ್ಲಿ ಕಡಿಮೆ. ಆದ್ದರಿಂದಲೇ ಒಂದು ಇನ್ನೊಂದರ ಎರಡು ಪಟ್ಟಾಗುತ್ತದೆ, ಥೇಟು ಕುಡುಕನ ವರದಿಯ ಹಾಗೆ. ಇದನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಮಾಡುತ್ತೇನೆ. ಯಾರೋ ಒಬ್ಬ ಅಪರಿಚಿತನ ವರದಿಯಾಗಿದ್ದರೆ ನಾನೂ ಮೊದಲ ದಿನವೇ ಸಿಪಿಕೆ ಕೇಳುತ್ತಿದ್ದೆ. ಸಂಖ್ಯೆಗೆ ಮುಖವಿಲ್ಲ ಎನ್ನುತ್ತಾರೆ. ನಿನ್ನ ಸಂಖ್ಯೆಗೆ ಮುಖವಿತ್ತು. ಹಿಂದೊಮ್ಮೆ ಕುಡಿದು ಬಂದು ಮೆಟ್ಟಿಲ ಮೇಲೆ ಬೂಟನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದವನ ಮುಖ. ಅವತ್ತು ಕಾಲೇಜಿನ ಪರೀಕ್ಷೆಗೆ ತಡವಾಗುತ್ತದೆಂದು ನಾನು ಅದನ್ನು ದಾಟಿಕೊಂಡು ಹೋಗಿದ್ದೆ.

ಈಗ ಕೆಲಸದ ಮಾತು. ನೀನು ಏನು ಮಾಡುತ್ತಿದ್ದೀಯೋ ನನಗೆ ಗೊತ್ತಿಲ್ಲ. ಏನೇ ಇರಲಿ, ಇವತ್ತೇ ನಿಲ್ಲಿಸು. ನೀರು ಕುಡಿ, ನಾಚಿಕೆಯಿಲ್ಲದೆ ಕುಡಿ. ಹರಿದ ಸ್ನಾಯುವಿನ ಕಸವನ್ನೆಲ್ಲ ಸೋಸಬೇಕಾದದ್ದು ಕಿಡ್ನಿ, ಅದಕ್ಕೆ ನೀನು ನೀರನ್ನೂ ಕೊಡುತ್ತಿಲ್ಲ. ಆ ಚಹಾ ಬಣ್ಣ ನೋಡಿದ ದಿನವೇ ಆಸ್ಪತ್ರೆಗೆ ಓಡಬೇಕಿತ್ತು. ಮತ್ತೆ ಕಂಡರೆ ಪತ್ರ ಬರೆಯುತ್ತಾ ಕೂರಬೇಡ, ಓಡು. ಇದರ ಜೊತೆಗಿಟ್ಟಿರುವ ವರದಿಯನ್ನು ನಾಳೆಯೇ ನಿಮ್ಮ ಡಾಕ್ಟರಿಗೆ ತೋರಿಸು.

ಅವರಿಗೆ ನಾನೂ ಬರೆಯುತ್ತೇನೆ. ಮೊದಲ ಪತ್ರವನ್ನು ತೆಗೆದುಹಾಕಲು ಕೇಳುತ್ತೇನೆ.

ನಿನ್ನ ತಂಗಿ

*

ಮಾರ್ಚ್ 27

ತಂಗೀ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ಹಾದುಹೋಗಿವೆ. ನಿನ್ನದನ್ನು ಓದುವಾಗ ನಾನು ಇನ್ನೂ ಸಿಟ್ಟಿನಲ್ಲೇ ಇದ್ದೆ. ರೇಡಿಯೋ "ಬೆಟ್ಟ ಹೊತ್ತಿದ್ದಾನೋ" ಎಂದ ಕಡೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಸಿಟ್ಟನ್ನು ಎಲ್ಲಿಟ್ಟಿದ್ದೆ ಎಂದು ಹುಡುಕಬೇಕಾಯಿತು.

ಬೆಟ್ಟವಲ್ಲ, ಬಸ್ಕಿ.

ನಗು, ಪರವಾಗಿಲ್ಲ. ಈ ವಯಸ್ಸಿನಲ್ಲಿ, ಈ ಹೊಟ್ಟೆಯಲ್ಲಿ, ಬಸ್ಕಿ. ನೀನು ನಗುತ್ತೀಯ ಎಂದೇ ಬರೆದಿರಲಿಲ್ಲ. ಈ ಸಲ ಡಾಕ್ಟರು ಮೆಟ್ಟಿಲು ಹತ್ತಿಸಿ ಏದುಸಿರು ಎಣಿಸುತ್ತಾರೆ, ಹೊಟ್ಟೆ ಇದ್ದವರನ್ನೆಲ್ಲ ನೆಲದ ಕೆಲಸಕ್ಕೆ ಹಾಕುತ್ತಾರೆ ಎಂದು ಸುದ್ದಿ ಹಬ್ಬಿತ್ತು. ನನಗೆ ಕ್ರೇನ್ ಬಿಟ್ಟರೆ ಬೇರೇನೂ ಬರುವುದಿಲ್ಲ. ಕುಡಿಯುವುದನ್ನು ಬಿಟ್ಟದ್ದೂ ಆ ಕ್ಯಾಬಿನ್ನಿಗಾಗಿಯೇ. ಭಯವಾಯಿತು. ನನ್ನ ಕೋಣೆಯ ಹಿಂದಿನ ಬೀದಿಯಲ್ಲಿ ಒಂದು ಜಿಮ್ ಇದೆ. ಪರೀಕ್ಷೆಗೆ ಮೂರು ದಿನ ಮೊದಲು ಹೋಗಿ ಸೇರಿದೆ. ಅಲ್ಲಿ ಕಲಿಸುವವನನ್ನು ಎಲ್ಲರೂ ಬಂಡೆ ಎನ್ನುತ್ತಾರೆ. ಕತ್ತು ಇದೆಯೋ ಇಲ್ಲವೋ ತಿಳಿಯುವುದಿಲ್ಲ.

"ಎಷ್ಟು ದಿನದಲ್ಲಿ ಫಿಟ್ ಆಗ್ಬೇಕಣ್ಣ?" ಎಂದ.

"ಶುಕ್ರವಾರಕ್ಕೆ."

"ಯಾವ ತಿಂಗಳ ಶುಕ್ರವಾರ?"

"ಈ ವಾರದ್ದೇ ಕಣಪ್ಪ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹೆಣ್ಣಿನ ಕಡೆಯವ್ರು ನೋಡಕ್ಕೆ ಬರ್ತಿದ್ದಾರಾ?" ಎಂದ. ಜಿಮ್ಮೆಲ್ಲ ನಕ್ಕಿತು. ಆಮೇಲೆ ಬಸ್ಕಿ, ದಂಡ, ಮತ್ತೆ ಬಸ್ಕಿ. ಅವನು ಸಾಕು ಎಂದರೂ ನಾನು ನಿಲ್ಲಿಸುತ್ತಿರಲಿಲ್ಲ. ಮರುದಿನ ಹಲ್ಲುಜ್ಜಲು ಕೈ ಬಾಯಿಗೆ ಬರಲಿಲ್ಲ, ತಲೆಯನ್ನೇ ಕೈಗೆ ತಂದೆ. ಆ ಕೈಯಲ್ಲೇ ನಿನಗೆ ಮೊದಲ ಪತ್ರ ಬರೆದದ್ದು. ರಕ್ತ ನಪಾಸಾದ ಮೇಲೆ, ಮೈ ಇನ್ನೂ ಸಾಲದು ಎಂದುಕೊಂಡು ಬಸ್ಕಿಯನ್ನು ದುಪ್ಪಟ್ಟು ಮಾಡಿದೆ, ಮೊಟ್ಟೆಯನ್ನೂ ದುಪ್ಪಟ್ಟು ಮಾಡಿದೆ. ಪಾಸಾಗಲೆಂದು ಮಾಡಿದ್ದೇ ನಪಾಸು ಮಾಡುತ್ತಿತ್ತು ಎಂದು ನನಗೆ ಹೇಗೆ ಗೊತ್ತಾಗಬೇಕು? ನಿನ್ನ ನೀಟಾದ ಪತ್ರ ಬಂದಾಗ ನಾನು ಸಾಯುತ್ತಿದ್ದೇನೆ ಎಂದೇ ತಿಳಿದಿದ್ದೆ. ಸಾಯುವವನು ಬಸ್ಕಿ ಯಾಕೆ ಹೊಡೆಯಬೇಕು ಎಂದು ಮಾತ್ರ ಹೊಳೆಯಲಿಲ್ಲ.

ಈಗ ನಿಲ್ಲಿಸಿದ್ದೇನೆ. ವರದಿ ತೋರಿಸಿದೆ. ಡಾಕ್ಟರು ಓದಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. "ಬಸ್ಕಿನಾ?" ಎಂದರು. ಕೆಂಪು ಶಾಯಿಯ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ನೀನು ಅವರಿಗೆ ಬರೆದದ್ದರ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಬರೆದರೆ ಅರ್ಧ ಸುಳ್ಳು ಬರುತ್ತದೆ.

ಅಣ್ಣ

*

ಏಪ್ರಿಲ್ 1

ಅಣ್ಣಾ,

ರೇಡಿಯೋಗೆ ಬಸ್ಕಿಯ ಕಥೆ ಹೇಳಿದೆ. ಅದು ನಿನ್ನ ನಂಬರೆಂದೂ ಹೇಳಿದೆ. ನಗುತ್ತಾ ಬಂದವಳು ಕೈಯಲ್ಲಿದ್ದ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ನನ್ನ ಪಕ್ಕ ಕೂತಳು. "ನಿಮ್ಮಣ್ಣ ಅಂತ ಗೊತ್ತಿದ್ರೆ ನಾನೂ ನಿನ್ನ ಮುಖ ನೋಡ್ಕೊಂಡೇ ಓದ್ತಿದ್ದೆನೇನೋ" ಎಂದಳು.

ಎರಡನೆಯ ಪತ್ರವನ್ನು ನಿಮ್ಮ ಡಾಕ್ಟರಿಗೆ ಕಳಿಸಿದ್ದೇನೆ. ಬರೆಯಲು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ನೀನು ನಿಜವಾಗಿ ಕುಡಿಯುತ್ತಿದ್ದರೆ ನಾನು ಆ ಮೊದಲ ಪತ್ರವನ್ನು ಬರೆಯಲೇಬೇಕಿತ್ತು. ನಿನ್ನ ಕೈಕೆಳಗೆ ಅಷ್ಟು ಭಾರ ತೂಗುತ್ತದೆ, ಅದರ ಕೆಳಗೆ ಜನ ಓಡಾಡುತ್ತಾರೆ. ಹಾಗಾಗಿ ಬರೆದದ್ದಕ್ಕೆ ವಿಷಾದವಿಲ್ಲ. ನಿನ್ನನ್ನು ನೇರವಾಗಿ ಕೇಳದೆ ಬರೆದದ್ದಕ್ಕೆ ಇದೆ. ನಾಲ್ಕು ಪುಟ ಕಿಣ್ವದ ಪಾಠ ಬರೆಯಬಲ್ಲವಳಿಗೆ "ಕುಡಿದೆಯಾ?" ಎಂಬ ಒಂದು ಮಾತು ಬರೆಯಲಾಗಲಿಲ್ಲ. ಹೌದು ಎನ್ನುತ್ತೀಯೆಂಬ ಭಯವಿತ್ತು. ಇಲ್ಲ ಎಂದರೆ ನಂಬಲಾರೆನೇನೋ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಜಿಜಿಟಿ ಸರಿಯಾಗಿರುವುದೊಂದೇ ನೀನು ಕುಡಿದಿಲ್ಲ ಎಂಬುದಕ್ಕೆ ಪೂರ್ತಿ ಸಾಕ್ಷಿಯಲ್ಲ. ಯಾವ ಒಂದು ಸಂಖ್ಯೆಯೂ ಅಷ್ಟು ಹೇಳುವುದಿಲ್ಲ. ಮಿಕ್ಕದ್ದನ್ನು ನಾನು ನಿನ್ನ ಮಾತಿನ ಮೇಲೆ ನಂಬಿದ್ದೇನೆ. ಇದು ಲ್ಯಾಬಿನಿಂದ ಬಂದ ವರದಿಯಲ್ಲ.

ತಿಂಡಿ ಸರಿಯಾಗಿ ತಿನ್ನುತ್ತೀಯಾ?

ನಿನ್ನ ತಂಗಿ

*

ಏಪ್ರಿಲ್ 9

ಪ್ರೀತಿಯ ತಂಗಿ,

ಇದನ್ನು ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಳಿ ಜಾಸ್ತಿಯಿದೆ, ಅದು ತಗ್ಗುವವರೆಗೆ ಕೆಲಸ ನಿಲ್ಲಿಸಿ ಎಂದಿದ್ದಾರೆ. ಅಕ್ಷರ ಅಲುಗಿದರೆ ಅದು ಕ್ರೇನಿನದು, ನನ್ನದಲ್ಲ.

ಮೊನ್ನೆಯ ರಕ್ತ ಪಾಸು. ಒಟಿ 31, ಪಿಟಿ 34, ಸಿಪಿಕೆ ನೂರ ಎಪ್ಪತ್ತು. ಕ್ರಿಯಾಟಿನಿನ್ 1.1. ಡಾಕ್ಟರು ಇನ್ನು ವರ್ಷಕ್ಕೊಂದು ಸಲ ನೋಡೋಣ ಎಂದರು. ಆಮೇಲೆ ಫೈಲು ತೆರೆದರು.

"ನಿಮ್ಮ ತಂಗಿ ಎರಡನೇ ಪತ್ರ ಕಳ್ಸಿದ್ದಾರೆ. ಮೊದಲನೇದನ್ನ ತೆಗೆದ್ಬಿಡಿ ಅಂತ. ತೆಗೀಲಾ?"

"ಬೇಡ ಸಾರ್, ಇರ್ಲಿ."

"ಯಾಕ್ರೀ? ನಾಳೆ ನನ್ನ ಜಾಗಕ್ಕೆ ಇನ್ಯಾರೋ ಬಂದು ಓದಿದ್ರೆ?"

"ಓದ್ಲಿ ಸಾರ್. ಓದಿ, ನನ್ನನ್ನ ಹತ್ತಿಸೋ ಮೊದಲು ಒಂದು ಸಲ ಮುಖ ನೋಡ್ಲಿ."

"ಎಂಥಾ ಮನುಷ್ಯನಯ್ಯಾ ನೀನು" ಎಂದರು. ಮೊದಲ ದಿನ ನಕ್ಕ ನಗು ಇರಲಿಲ್ಲ.

ದೊಡ್ಡತನ ತೋರಿಸಲು ಹಾಗೆ ಹೇಳಿದ್ದಲ್ಲ. ನಿನ್ನ ಮೊದಲ ಪತ್ರದಲ್ಲಿ ಒಂದು ಸಾಲು ಮಾತ್ರ ತಪ್ಪು: ಮತ್ತೆ ಶುರುಮಾಡಿದ್ದಾನೆ ಎಂಬುದು. ಅದನ್ನು ಡಾಕ್ಟರು ನನ್ನೆದುರೇ ಹೊಡೆದುಹಾಕಿ ಪಕ್ಕದಲ್ಲಿ ರುಜು ಹಾಕಿದರು. ಮಿಕ್ಕದ್ದೆಲ್ಲ ನಡೆದದ್ದು. ನಡೆದದ್ದನ್ನು ಫೈಲಿನಿಂದ ಕಿತ್ತರೆ ನಾನು ಅದನ್ನು ಒಬ್ಬನೇ ಹೊತ್ತುಕೊಳ್ಳಬೇಕು. ಎರಡು ತೂತಿನಲ್ಲಿ ಅದು ಅಲ್ಲಿ ತೂಗುತ್ತಿದ್ದರೆ ನನಗೆ ಹಗುರ. ಭಾರವನ್ನು ಎಲ್ಲಿ ಕಟ್ಟಬೇಕೆಂದು ನನಗೆ ಗೊತ್ತಿದೆ, ನನ್ನ ಕೆಲಸವೇ ಅದು.

ಹಾಗೆಂದು ನೋವಾಗಲಿಲ್ಲ ಎನ್ನುವುದಿಲ್ಲ. ಆಗಿದೆ. ಸ್ವಲ್ಪ ದಿನ ಇರುತ್ತದೆ. ಮುಂದೆ ಯಾವತ್ತಾದರೂ ಅನುಮಾನ ಬಂದರೆ ಮೊದಲು ನನ್ನನ್ನು ಕೇಳು. ನಾನು ಇಲ್ಲ ಎಂದ ಮೇಲೂ ಅನುಮಾನ ಹೋಗದಿದ್ದರೆ ಡಾಕ್ಟರಿಗೆ ಬರೆ.

ಕೆಳಗಿನಿಂದ ನನಗೆ ಕೈಸನ್ನೆ ಮಾಡುವವನಿಗೆ ಇವತ್ತು ಹತ್ತುವ ಮೊದಲು ಎಲ್ಲ ಹೇಳಿದೆ. ಕುಡಿಯುತ್ತಿದ್ದದ್ದು, ಬಿಟ್ಟದ್ದು, ಬಸ್ಕಿ, ನಿನ್ನ ಪತ್ರ, ಎಲ್ಲ. ಇಷ್ಟು ಕಾಲ ಒಟ್ಟಿಗೆ ಕೆಲಸ ಮಾಡಿದ್ದೇವೆ, ಅವನು ನನ್ನ ಕೈಯ ಚಲನೆಯನ್ನು ಮಾತ್ರ ಬಲ್ಲ. ಹೆಲ್ಮೆಟ್ ಎತ್ತಿ ನನ್ನ ಕಣ್ಣನ್ನು ಸುಮಾರು ಹೊತ್ತು ನೋಡಿದ. ನಾನು ನಿಂತೇ ಇದ್ದೆ. "ಸರಿ, ಹತ್ತಣ್ಣ" ಎಂದ. ನಾಳೆಯೂ ನೋಡು, ದಿನವೂ ನೋಡು ಎಂದೆ.

ಗಾಳಿ ತಗ್ಗಿತು. ಕೆಳಗೆ ಅವನು ಕೈ ಎತ್ತಿದ್ದಾನೆ. ಭಾರ ಕಟ್ಟಿಯಾಗಿದೆ, ಎತ್ತಬಹುದು.

ನಿನ್ನ ಅಣ್ಣ